ತೆಗೆದರೂ ಮರುದಿನ ಹಾಜರಾಗುವ ಸಾಫ್ಟ್‌ವೇರ್: ತಪ್ಪು ಮೊಮ್ಮಗನದ್ದಲ್ಲ, ಮೇಷ್ಟ್ರೇ

ಪ್ರಶ್ನೆ: ನಾನು ಚಿತ್ರದುರ್ಗದ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮನೆಯಲ್ಲಿ 2018ರಲ್ಲಿ ಕೊಂಡ ಕಂಪ್ಯೂಟರ್ ಇದೆ. ಏಳನೇ ತಲೆಮಾರಿನ ಐ3, 4 ಜಿಬಿ ರ್‍ಯಾಮ್, ವಿಂಡೋಸ್ 10. ಆನ್ ಮಾಡಿ ಸ್ನಾನ ಮುಗಿಸಿ ಬಂದರೂ ಪೂರ್ತಿ ತೆರೆದುಕೊಂಡಿರುವುದಿಲ್ಲ. ವೇಗ ಹೆಚ್ಚಿಸುತ್ತೇನೆ ಅನ್ನುವ ಒಂದು ಪ್ರೋಗ್ರಾಂ ತಾನಾಗಿ ಎದ್ದು ಬಂದು ‘1,312 ದೋಷ ಸಿಕ್ಕಿವೆ, ಸರಿಪಡಿಸಲು ಹಣ ಕಟ್ಟಿ’ ಎನ್ನುತ್ತದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ನಾಲ್ಕು ಸಲ ಅನ್‌ಇನ್‌ಸ್ಟಾಲ್ ಮಾಡಿದೆ, ಮರುದಿನ ಮತ್ತೆ ಹಾಜರು. ಕ್ರೋಮ್ ತೆರೆದರೆ ಗೂಗಲ್ ಬದಲು ಯಾವುದೋ ಹೆಸರಿಲ್ಲದ ಸರ್ಚ್ ಪುಟ. ಬಲಗಡೆ ಕೆಳಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರ್‌ಗೆ 5 ವೈರಸ್ ತಗುಲಿವೆ’ ಎಂಬ ಚೀಟಿ. ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗ ಗೇಮ್ ಹಾಕಿದ್ದ, ಅವನಿಗೆ ಚೆನ್ನಾಗಿ ಬೈದೆ. ಅಂಗಡಿಯವರು ಫಾರ್ಮ್ಯಾಟ್ ಹೊಡೀಬೇಕು ಅಂತಾರೆ. ಅಳಿಯಂದಿರು ಇನ್ನೊಂದು ಆ್ಯಂಟಿವೈರಸ್ ಹಾಕಿ ಅಂತಾರೆ. ದುರ್ಗದ ಶಾಸನಗಳ ಬಗ್ಗೆ ಹದಿನೈದು ವರ್ಷದಿಂದ ನುಡಿಯಲ್ಲಿ ಟೈಪ್ ಮಾಡಿಟ್ಟ ಟಿಪ್ಪಣಿಗಳೆಲ್ಲ ಇದರಲ್ಲೇ ಇವೆ, ಅವು ಹೋಗಿಬಿಟ್ಟರೆ ಎಂಬ ಭಯ. ಪಿಂಚಣಿ ಬರುವ ಬ್ಯಾಂಕ್ ಖಾತೆಯನ್ನೂ ಇದರಲ್ಲೇ ನೋಡುತ್ತೇನೆ. ಇನ್‌ಸ್ಟಾಲ್ ಆಗಿರುವ ಪ್ರೋಗ್ರಾಂಗಳ ಪಟ್ಟಿಯ ಫೋಟೊ ಕಳಿಸಿದ್ದೇನೆ.

ಉತ್ತರ: ಮೇಷ್ಟ್ರೇ, ನೀವು ಕಳಿಸಿದ ಫೋಟೊವನ್ನೇ ಮೊದಲು ನೋಡೋಣ. ಅದರಲ್ಲಿ ಹೆಸರಿನ ಎದುರಿಗೆ ತಾರೀಖೂ ಇದೆ. ಗೇಮ್ ಎದುರಿಗೆ ಏಪ್ರಿಲ್ 19. ವೇಗ ಹೆಚ್ಚಿಸುವ ಪ್ರೋಗ್ರಾಂ, ಅದರ ಕೆಳಗಿನ ‘ಡ್ರೈವರ್ ಅಪ್‌ಡೇಟರ್’, ಇನ್ನೊಂದು ಸರ್ಚ್ ಸಹಾಯಕ, ಈ ಮೂರರ ಎದುರಿಗೂ ಮಾರ್ಚ್ 11. ಅದೇ ಮಾರ್ಚ್ 11 ಇನ್ನೊಂದು ಕಡೆಯೂ ಇದೆ: ನುಡಿ. ಆವತ್ತು ಕೀಲಿಮಣೆ ಕೈಕೊಟ್ಟಿತೆಂದೋ ಏನೋ ನೀವು ನುಡಿಯನ್ನು ಹೊಸದಾಗಿ ಹಾಕಿಕೊಂಡಿದ್ದೀರಿ. ಮೊಮ್ಮಗ ದುರ್ಗಕ್ಕೆ ಬಂದಿಳಿಯುವ ಹೊತ್ತಿಗೆ ಈ ಮೂವರು ನೆಂಟರು ಮನೆಯಲ್ಲಿ ಕೂತು ತಿಂಗಳ ಮೇಲಾಗಿತ್ತು.

ನುಡಿಯದ್ದು ತಪ್ಪು ಎನ್ನುತ್ತಿಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ತಂತ್ರಾಂಶ ಅದು, ಉಚಿತ, ಅದರೊಳಗೆ ಇಂಥ ಕಸ ಇಲ್ಲ. ಆದರೆ ‘ನುಡಿ ಡೌನ್‌ಲೋಡ್’ ಎಂದು ಹುಡುಕಿದಾಗ ಸಿಗುವ ಪುಟಗಳಲ್ಲಿ ಕೆಲವು ಪರಿಷತ್ತಿನವಲ್ಲ. ಅಂಥ ಪುಟದಲ್ಲಿ ದೊಡ್ಡದಾಗಿ ಹೊಳೆಯುವ ಹಸಿರು ಡೌನ್‌ಲೋಡ್ ಬಟನ್ ಜಾಹೀರಾತಿನದ್ದು, ನಿಜವಾದದ್ದು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ಅಥವಾ ನಿಜವಾದ ಕಡತವನ್ನೇ ತಮ್ಮದೊಂದು ಇನ್‌ಸ್ಟಾಲರ್ ಒಳಗೆ ಸುತ್ತಿ ಕೊಟ್ಟಿರುತ್ತಾರೆ. ನಾವು ನೆಕ್ಸ್ಟ್, ನೆಕ್ಸ್ಟ್, ಫಿನಿಶ್ ಒತ್ತುತ್ತಾ ಹೋಗುತ್ತೇವೆ. ನಡುವೆ ಎಲ್ಲೋ ‘ಇದನ್ನೂ ಹಾಕಲೇ?’ ಎಂಬ ಚೌಕದಲ್ಲಿ ಮೊದಲೇ ಟಿಕ್ ಬಿದ್ದಿರುತ್ತದೆ. ಕಾನೂನಿನ ಕಣ್ಣಿಗೆ ನೀವು ಒಪ್ಪಿಗೆ ಕೊಟ್ಟಂತಾಯಿತು. ಅದಕ್ಕೇ ಇವನ್ನು ವೈರಸ್ ಎಂದು ಕರೆಯಲು ಕಂಪನಿಗಳೂ ಹಿಂದೆಮುಂದೆ ನೋಡುತ್ತವೆ, ‘ಬೇಡವಾಗಿರಬಹುದಾದ ಆ್ಯಪ್’ ಎಂಬ ನಯವಾದ ಹೆಸರು ಕೊಡುತ್ತವೆ. ಆ ಹೆಸರಿನ ಒಂದು ಸ್ವಿಚ್ ವಿಂಡೋಸ್ ಸೆಕ್ಯುರಿಟಿಯಲ್ಲೂ ಇದೆ, ಆಮೇಲೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಇರುವುದು ಒಂದೇ ರೋಗ ಎಂದು ನೀವು ತಿಳಿದಿದ್ದೀರಿ. ನನಗೆ ಅದರಲ್ಲಿ ನಾಲ್ಕು ಕಾಣುತ್ತವೆ. ಮೂಲೆಯಲ್ಲಿ ಬರುವ ಚೀಟಿ ಬೇರೆ, ಸರ್ಚ್ ಪುಟ ಬದಲಾದದ್ದು ಬೇರೆ, ತೆಗೆದರೂ ಬರುವ ಪ್ರೋಗ್ರಾಂ ಬೇರೆ, ಸ್ನಾನ ಮುಗಿದರೂ ತೆರೆಯದ ನಿಧಾನ ಬೇರೆ. ಇವುಗಳನ್ನು ಬಿಡಿಸಿ ನೋಡದಿದ್ದರೆ ಫಾರ್ಮ್ಯಾಟ್ ಒಂದೇ ದಾರಿ ಅನ್ನಿಸುತ್ತದೆ.

ಅತಿ ಹೆಚ್ಚು ಹೆದರಿಸುವ ಚೀಟಿಯೇ ಅತಿ ಹಗುರ. ಅದು ವೈರಸ್ ಅಲ್ಲ, ವೈರಸ್ ಹುಡುಕಿದ ಫಲವೂ ಅಲ್ಲ. ಯಾವುದೋ ವೆಬ್‌ಸೈಟ್ ‘ನೋಟಿಫಿಕೇಶನ್ ಕಳಿಸಲೇ?’ ಎಂದು ಕೇಳಿದಾಗ ಕೈತಪ್ಪಿ ಅಲೋ ಒತ್ತಿದ್ದೀರಿ, ಅದು ಈಗ ಕ್ರೋಮ್ ಮೂಲಕ ದಿನಾ ಕರಪತ್ರ ಎಸೆಯುತ್ತಿದೆ. ಕ್ರೋಮ್‌ನ ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅಲ್ಲಿ ಅನುಮತಿ ಪಡೆದ ಸೈಟುಗಳ ಪಟ್ಟಿ ಇರುತ್ತದೆ. ಗುರುತು ಸಿಗದ ಹೆಸರುಗಳನ್ನೆಲ್ಲ ತೆಗೆದುಹಾಕಿ. ಎರಡು ನಿಮಿಷದ ಕೆಲಸ. ಒಂದು ಎಚ್ಚರಿಕೆ: ಅಂಥ ಚೀಟಿಯಲ್ಲೋ ಪರದೆ ತುಂಬ ಬರುವ ನೀಲಿ ಪುಟದಲ್ಲೋ ಫೋನ್ ನಂಬರ್ ಇದ್ದರೆ ಅದು ಖಂಡಿತ ಮೋಸ. ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ.

ಇನ್ನು ಆ 1,312 ದೋಷ. ಹೊಚ್ಚ ಹೊಸ ಕಂಪ್ಯೂಟರ್ ಮೇಲೆ ಇಂಥ ಪ್ರೋಗ್ರಾಂ ಓಡಿಸಿದರೂ ನೂರಾರು ‘ದೋಷ’ ತೋರಿಸುತ್ತದೆ. ವೆಬ್‌ಸೈಟಿನ ಗುರುತಿಗೆ ಬ್ರೌಸರ್ ಇಟ್ಟುಕೊಂಡ ಪ್ರತಿ ಕುಕೀ ಒಂದು ದೋಷ, ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯ ಪ್ರತಿ ಖಾಲಿ ಸಾಲು ಒಂದು ದೋಷ. ಈ ಆಟದಲ್ಲಿ ದೊಡ್ಡವರೂ ಸಿಕ್ಕಿಬಿದ್ದಿದ್ದಾರೆ. ಅಮೆರಿಕದಲ್ಲಿ ಆಫೀಸ್ ಡಿಪೋ ಎಂಬ ಅಂಗಡಿ ಸರಣಿ ಉಚಿತವಾಗಿ ‘ಪಿಸಿ ಹೆಲ್ತ್ ಚೆಕ್’ ಮಾಡುತ್ತಿತ್ತು. ಮೊದಲು ಗ್ರಾಹಕರಿಗೆ ನಾಲ್ಕು ಪ್ರಶ್ನೆ: ಕಂಪ್ಯೂಟರ್ ನಿಧಾನವೇ, ಜಾಹೀರಾತು ಏಳುತ್ತವೆಯೇ, ಹೀಗೆ. ಒಂದಕ್ಕೆ ಟಿಕ್ ಹಾಕಿದರೂ ಸಾಕು, ಸ್ಕ್ಯಾನ್‌ನಲ್ಲಿ ಏನೇ ಬರಲಿ, ಮಾಲ್‌ವೇರ್ (ಕೇಡಿನ ತಂತ್ರಾಂಶ) ಲಕ್ಷಣ ಇದೆ ಎಂದೇ ವರದಿ ಬರುತ್ತಿತ್ತು ಎಂಬುದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಮಾಡಿದ ಆರೋಪ. 2019ರ ಮಾರ್ಚ್‌ನಲ್ಲಿ ಆ ಕಂಪನಿ 2.5 ಕೋಟಿ ಡಾಲರ್, ಸಾಫ್ಟ್‌ವೇರ್ ಕೊಟ್ಟ ಸಪೋರ್ಟ್ ಡಾಟ್ ಕಾಮ್ 1 ಕೋಟಿ ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡವು. ಪ್ರಾಮಾಣಿಕ ಕ್ಲೀನರ್‌ಗಳಿಗೂ ಗ್ರಹಚಾರ ತಪ್ಪಿದ್ದಲ್ಲ. 2017ರಲ್ಲಿ ಸಿಸಿಕ್ಲೀನರ್‌ನ ಒಂದು ಆವೃತ್ತಿಯೊಳಗೆ ಹ್ಯಾಕರ್‌ಗಳು ತಮ್ಮ ಕೋಡ್ ಸೇರಿಸಿ, ಅದು ಕಂಪನಿಯ ಅಧಿಕೃತ ತಾಣದಿಂದಲೇ ಲಕ್ಷಾಂತರ ಜನರ ಕಂಪ್ಯೂಟರ್ ಸೇರಿತ್ತು. ರಿಜಿಸ್ಟ್ರಿ ಕ್ಲೀನರ್‌ಗಳ ಬಳಕೆಗೆ ಮೈಕ್ರೋಸಾಫ್ಟ್ ಬೆಂಬಲವಿಲ್ಲ. ನನ್ನ ಇಪ್ಪತ್ತೆರಡು ವರ್ಷದ ರಿಪೇರಿಯಲ್ಲೂ ಅದರಿಂದ ವೇಗ ಹೆಚ್ಚಾದ ಒಂದೇ ಒಂದು ಯಂತ್ರ ನೋಡಿಲ್ಲ.

ಈಗ ನಿಮ್ಮ ನಿಜವಾದ ಪ್ರಶ್ನೆ: ತೆಗೆದರೂ ಯಾಕೆ ಬರುತ್ತದೆ?

ದಾವಣಗೆರೆ ಕಡೆ ಭದ್ರಾ ನಾಲೆಯ ಗದ್ದೆಗಳಲ್ಲಿ ಜೇಕು ಕಿತ್ತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಳೆದರೆ ಎಲೆ ಸಲೀಸಾಗಿ ಕೈಗೆ ಬರುತ್ತದೆ, ಗೆಡ್ಡೆ ಮಣ್ಣಲ್ಲೇ ಉಳಿಯುತ್ತದೆ. ಕಂಟ್ರೋಲ್ ಪ್ಯಾನೆಲ್ ಎಲೆ ಕೀಳುವ ಜಾಗ. ಅಲ್ಲಿ ಅನ್‌ಇನ್‌ಸ್ಟಾಲ್ ಒತ್ತಿದರೆ ಸಾಮಾನ್ಯವಾಗಿ ವಿಂಡೋಸ್ ತಾನಾಗಿ ಏನನ್ನೂ ಅಳಿಸುವುದಿಲ್ಲ. ಆ ಪ್ರೋಗ್ರಾಂ ತನ್ನ ಜೊತೆಗೆ ತಂದ ಅನ್‌ಇನ್‌ಸ್ಟಾಲರ್‌ಗೆ ‘ನಿನ್ನನ್ನು ನೀನು ತೆಗೆದುಕೋ’ ಎಂದು ಹೇಳುತ್ತದೆ, ಅಷ್ಟೆ. ಕಳ್ಳನ ಕೈಗೇ ಕೀಲಿ ಕೊಟ್ಟು ಹೊರಗೆ ಹೋಗು ಅಂದಂತೆ. ಮುಂಬಾಗಿಲಿಂದ ಹೋದವನು ಹಿತ್ತಲಿನಿಂದ ಬರಲು ನಾಲ್ಕೈದು ದಾರಿ ಮಾಡಿಕೊಂಡಿರುತ್ತಾನೆ.

ಒಂದು, ಟಾಸ್ಕ್ ಶೆಡ್ಯೂಲರ್. ದಿನಾ ಇಷ್ಟು ಗಂಟೆಗೆ, ಅಥವಾ ಕಂಪ್ಯೂಟರ್ ಆನ್ ಆದ ಕೂಡಲೇ, ಈ ಕೆಲಸ ಮಾಡು ಎಂದು ವಿಂಡೋಸ್‌ಗೆ ಬರೆದುಕೊಡುವ ಪಟ್ಟಿ ಅದು. ಪ್ರೋಗ್ರಾಂ ಹೋದರೂ ‘ಇಲ್ಲದಿದ್ದರೆ ಮತ್ತೆ ಇಳಿಸು’ ಎಂಬ ಆದೇಶ ಅಲ್ಲಿ ಉಳಿದಿರುತ್ತದೆ. ನಿಮ್ಮದು ಮರುದಿನವೇ ಬರುತ್ತಿರುವುದರಿಂದ ನನ್ನ ಮೊದಲ ಅನುಮಾನ ಇದರ ಮೇಲೆಯೇ. ಇನ್ನೊಂದು, ಒಬ್ಬರನ್ನೊಬ್ಬರು ಕಾಯುವ ಜೋಡಿ: ಎ ಸತ್ತರೆ ಬಿ ಎಬ್ಬಿಸುತ್ತದೆ, ಬಿ ಸತ್ತರೆ ಎ. ಒಂದೊಂದಾಗಿ ತೆಗೆದರೆ ಎಂದೂ ಮುಗಿಯುವುದಿಲ್ಲ. ಕ್ರೋಮ್‌ನದ್ದು ಬೇರೆಯೇ ಕಥೆ. ಮೂರು ಚುಕ್ಕಿಯ ಮೆನು ತೆರೆದು ಕೆಳಗೆ ನೋಡಿ. ‘ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್’ ಎಂದಿದ್ದರೆ, ಮನೆ ಕಂಪ್ಯೂಟರ್‌ಗೆ ಯಾವ ಆರ್ಗನೈಸೇಶನ್? ಆಫೀಸುಗಳಿಗಾಗಿ ಇರುವ ಪಾಲಿಸಿ ಎಂಬ ಸೌಲಭ್ಯವನ್ನು ಯಾರೋ ಬಳಸಿಕೊಂಡು ಸರ್ಚ್ ಪುಟಕ್ಕೆ ಬೀಗ ಹಾಕಿದ್ದಾರೆ ಎಂಬ ಅನುಮಾನ ಬರಬೇಕು. ಕೆಲವು ಆ್ಯಂಟಿವೈರಸ್‌ಗಳೂ ಈ ಸಾಲು ಬರಿಸುತ್ತವೆ, ಹಾಗಾಗಿ ಗಾಬರಿ ಬೇಡ.

ಜನ ಎಣಿಸದ ದಾರಿ ಸಿಂಕ್, ಅಂದರೆ ಕ್ರೋಮ್‌ನಲ್ಲಿ ಇರುವುದನ್ನು ಗೂಗಲ್ ಖಾತೆಯ ಮೂಲಕ ನಿಮ್ಮ ಎಲ್ಲ ಯಂತ್ರಗಳಿಗೂ ಒಯ್ಯುವ ಸೌಲಭ್ಯ. ದಾವಣಗೆರೆಯಲ್ಲಿ ಮೆಕ್ಕೆಜೋಳದ ವ್ಯಾಪಾರಿಯೊಬ್ಬರ ಕಂಪ್ಯೂಟರ್ ಹೀಗೇ ಮೂರು ಸಲ ನನ್ನ ಟೇಬಲ್‌ಗೆ ಬಂತು. ಮೂರನೇ ಸಲ ನಾನೇ ಸೋತು ಪೂರ್ತಿ ಫಾರ್ಮ್ಯಾಟ್ ಮಾಡಿದೆ. ಅವರು ಮನೆಗೆ ಹೋಗಿ ಕ್ರೋಮ್‌ಗೆ ಲಾಗಿನ್ ಆದ ಹತ್ತೇ ನಿಮಿಷಕ್ಕೆ ಫೋನ್: ‘ಅದೇ ಪುಟ ಬಂತ್ರೀ!’ ಹಾಸ್ಟೆಲ್‌ನಲ್ಲಿದ್ದ ಮಗಳ ಲ್ಯಾಪ್‌ಟಾಪ್‌ನಲ್ಲೂ ಅದೇ ಗೂಗಲ್ ಖಾತೆ. ಕ್ರೋಮ್‌ಗೆ ಅಂಟಿಕೊಳ್ಳುವ ಕಿರು ಪ್ರೋಗ್ರಾಂ, ಅಂದರೆ ಕೆಟ್ಟ ಎಕ್ಸ್‌ಟೆನ್ಶನ್, ಖಾತೆಯಲ್ಲೇ ಉಳಿದಿತ್ತು, ಖಾತೆಯ ಜೊತೆಗೇ ಹೊಸ ಮನೆಗೆ ಬಂತು. ಆವತ್ತಿನಿಂದ ನಾನು ಮೊದಲು ಕೇಳುವ ಪ್ರಶ್ನೆ, ಈ ಖಾತೆ ಇನ್ನೆಲ್ಲಿ ಲಾಗಿನ್ ಆಗಿದೆ?

ಕೊನೆಯದು, ಕ್ರ್ಯಾಕ್, ಅಂದರೆ ಹಣ ಕೊಡದೆ ಬಳಸಲು ತಂತ್ರಾಂಶದ ಬೀಗ ಮುರಿಯುವುದು. ನಿಮ್ಮ ಫೋಟೊದಲ್ಲಿ ಆಫೀಸ್ 2016 ಇದೆ. ಬಿಲ್ ಕೊಟ್ಟು ಕೊಂಡದ್ದೋ, ಯಾರೋ ಹಾಕಿಕೊಟ್ಟದ್ದೋ ನೀವೇ ಬಲ್ಲಿರಿ. ಹಾಕಿಕೊಟ್ಟದ್ದಾದರೆ, ಹಾಕುವಾಗ ಆ್ಯಂಟಿವೈರಸ್ ಆಫ್ ಮಾಡಿರುತ್ತಾರೆ. ಅಷ್ಟಕ್ಕೇ ಬಿಡುವುದಿಲ್ಲ, ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್ ಡಿಫೆಂಡರ್‌ನ ಎಕ್ಸ್‌ಕ್ಲೂಶನ್ಸ್ ಪಟ್ಟಿಗೆ ಒಂದು ಫೋಲ್ಡರನ್ನೋ, ಒಮ್ಮೊಮ್ಮೆ ಇಡೀ ಸಿ ಡ್ರೈವನ್ನೋ ಸೇರಿಸಿಬಿಡುತ್ತಾರೆ. ಅಂದರೆ ಕಾವಲುಗಾರ ಇದ್ದಾನೆ, ಆ ಕಡೆ ತಿರುಗಿ ನೋಡಬಾರದೆಂದು ಅಪ್ಪಣೆ ಆಗಿದೆ. ಇಂಥ ಯಂತ್ರದ ಮೇಲೆ ಅಳಿಯಂದಿರು ಹೇಳಿದಂತೆ ಎರಡನೇ ಆ್ಯಂಟಿವೈರಸ್ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಎರಡೂ ಒಟ್ಟಿಗೆ ಓಡಿದರೆ ಒಂದೇ ಕಡತವನ್ನು ಹಿಡಿದು ಜಗ್ಗಾಡುತ್ತವೆ, ನಿಮ್ಮ 4 ಜಿಬಿ ರ್‍ಯಾಮ್ ಅವುಗಳ ಜಗಳಕ್ಕೇ ಸಾಲದು.

ಹಾಗಾದರೆ ಎಲ್ಲಿಂದ ಶುರು? ಟಿಪ್ಪಣಿಗಳಿಂದ. ಉಳಿದ ಯಾವುದನ್ನೂ ಮುಟ್ಟುವ ಮೊದಲು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರರಲ್ಲೂ ಇರುವ ನಿಮ್ಮ ಬರಹವನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ. ಕಡತಗಳನ್ನಷ್ಟೇ, .ಇಎಕ್ಸ್‌ಇ ಎಂದು ಮುಗಿಯುವ ಪ್ರೋಗ್ರಾಂ ಕಡತ ಯಾವುದೂ ಬೇಡ. ಜೊತೆಗೆ ನುಡಿಯ ಫಾಂಟ್‌ಗಳನ್ನೂ ಇಟ್ಟುಕೊಳ್ಳಿ. ಹದಿನೈದು ವರ್ಷದ ಹಿಂದಿನ ಬರಹ ಎಂದರೆ ಬಹುಶಃ ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಯುನಿಕೋಡ್ ಅಲ್ಲ, ನುಡಿಯ ಹಳೇ ಫಾಂಟ್‌ನಲ್ಲಿದೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಶಾಸನದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಫಾರ್ಮ್ಯಾಟ್ ಆದ ಮೇಲೆ ‘ನನ್ನ ಫೈಲ್ ಎಲ್ಲ ವೈರಸ್ ತಿಂದುಬಿಟ್ಟಿದೆ’ ಎಂದು ಅತ್ತುಕೊಂಡು ಬಂದವರಿದ್ದಾರೆ. ಫಾಂಟ್ ಹಾಕಿದ ಕೂಡಲೇ ಎಲ್ಲವೂ ಮರಳಿ ಬಂತು.

ಆಮೇಲೆ ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್‌ನ ಮ್ಯಾನೇಜ್ ಸೆಟ್ಟಿಂಗ್ಸ್ ಒಳಗೆ ಎಕ್ಸ್‌ಕ್ಲೂಶನ್ಸ್ ನೋಡಿ. ನೀವು ಬರೆಯದ್ದು ಏನಿದ್ದರೂ ತೆಗೆಯಿರಿ. ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್ ಎಂಬಲ್ಲಿ, ರೆಪ್ಯುಟೇಶನ್ ಹೆಸರಿನ ಸೆಟ್ಟಿಂಗ್ಸ್ ಕೆಳಗೆ, ನಾನು ಮೊದಲು ಹೇಳಿದ ‘ಬೇಡವಾಗಿರಬಹುದಾದ ಆ್ಯಪ್’ ತಡೆಯುವ ಸ್ವಿಚ್ ಇದೆ. ಅದು ಆನ್ ಇರಲಿ.

ಇನ್ನು ಗೆಡ್ಡೆ. ಸ್ಟಾರ್ಟ್ ಮೆನುವಿನಲ್ಲಿ ಟಾಸ್ಕ್ ಶೆಡ್ಯೂಲರ್ ಎಂದು ಹುಡುಕಿ ತೆರೆದರೆ ಎಡಗಡೆ ಲೈಬ್ರರಿ ಕಾಣುತ್ತದೆ. ಅದನ್ನು ಕ್ಲಿಕ್ ಮಾಡಿದಾಗ ಬರುವ ಪಟ್ಟಿಯಲ್ಲಿ ಆ ಮೂವರ ಹೆಸರಿನದ್ದೋ, ಅರ್ಥವಿಲ್ಲದ ಅಕ್ಷರಗಳದ್ದೋ ಟಾಸ್ಕ್ ಇದ್ದರೆ, ಆ್ಯಕ್ಷನ್ಸ್ ಎಂಬಲ್ಲಿ ಅದು ಯಾವ ಕಡತ ಓಡಿಸುತ್ತದೆ ನೋಡಿ. ಆ್ಯಪ್‌ಡೇಟಾ ಅಥವಾ ಟೆಂಪ್ ಫೋಲ್ಡರ್ ಒಳಗಿನ ಯಾವುದೋ ಅಪರಿಚಿತ ಕಡತವಾಗಿದ್ದರೆ ಬಲಗುಂಡಿ ಒತ್ತಿ ಡಿಸೇಬಲ್ ಮಾಡಿ. ಡಿಲೀಟ್ ಬೇಡ. ತಪ್ಪಾಗಿದ್ದರೆ ಡಿಸೇಬಲ್ ಆದದ್ದನ್ನು ವಾಪಸ್ ತರಬಹುದು. ಮೈಕ್ರೋಸಾಫ್ಟ್ ಎಂಬ ಫೋಲ್ಡರ್ ಒಳಗಿನವನ್ನು ಮುಟ್ಟಬೇಡಿ. ಬಳಿಕ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ, ಅದರ ಸ್ಟಾರ್ಟಪ್ ಪಟ್ಟಿಯಲ್ಲೂ ಅವನ್ನು ಡಿಸೇಬಲ್ ಮಾಡಿ. ಉತ್ಸಾಹದಲ್ಲಿ ನುಡಿಯ ಕೀಲಿಮಣೆಯನ್ನೂ ಅಲ್ಲಿಂದ ತೆಗೆದುಬಿಟ್ಟೀರಿ, ಜೋಕೆ.

ಇಷ್ಟಾದ ಮೇಲೆ ರೀಸ್ಟಾರ್ಟ್ ಮಾಡಿ, ಆಗ ಅನ್‌ಇನ್‌ಸ್ಟಾಲ್ ಮಾಡಿ. ನೀವು ನಾಲ್ಕು ಸಲ ಮಾಡಿದ ಕೆಲಸವೇ, ಕ್ರಮ ಮಾತ್ರ ಬೇರೆ. ಮೂರನ್ನೂ ಒಂದೇ ಸಲಕ್ಕೆ ತೆಗೆಯಿರಿ. ಜೋಡಿ ಕಾವಲಿನ ಕಾರಣ ಡಿಸೇಬಲ್ ಆದದ್ದು ಮತ್ತೆ ಆನ್ ಆಗುತ್ತಿದ್ದರೆ ಅತ್ಯಗತ್ಯದ್ದನ್ನಷ್ಟೇ ಎಬ್ಬಿಸುವ ಸೇಫ್ ಮೋಡ್ ಬೇಕಾಗುತ್ತದೆ: ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ, ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಶನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ನಂತರ 4. ಅಲ್ಲಿ ಕೆಲವು ಪ್ರೋಗ್ರಾಂಗಳು ಅನ್‌ಇನ್‌ಸ್ಟಾಲ್ ಆಗಲು ಒಪ್ಪುವುದಿಲ್ಲ, ಅದು ಸಹಜ. ಸೇಫ್ ಮೋಡ್‌ನಲ್ಲಿ ಡಿಸೇಬಲ್ ಮಾಡಿ, ಮಾಮೂಲಿ ಸ್ಥಿತಿಗೆ ಬಂದು ತೆಗೆದರಾಯಿತು.

ಕ್ರೋಮ್‌ಗೆ: ಮೊದಲು ಸಿಂಕ್ ಆಫ್. ಗುರುತಿಲ್ಲದ ಎಕ್ಸ್‌ಟೆನ್ಶನ್‌ಗಳನ್ನು ತೆಗೆದು, ಸೆಟ್ಟಿಂಗ್ಸ್‌ನಲ್ಲಿ ರೀಸೆಟ್ ಮಾಡಿ. ಬುಕ್‌ಮಾರ್ಕ್, ಉಳಿಸಿದ ಪಾಸ್‌ವರ್ಡ್ ಹೋಗುವುದಿಲ್ಲ. ಡೆಸ್ಕ್‌ಟಾಪ್‌ನ ಕ್ರೋಮ್ ಐಕಾನ್ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ನೋಡಿ, ಟಾರ್ಗೆಟ್ ಸಾಲಿನ ತುದಿಗೆ ಯಾವುದಾದರೂ ವೆಬ್ ವಿಳಾಸ ಅಂಟಿಕೊಂಡಿದ್ದರೆ ಆ ಐಕಾನನ್ನೇ ಅಳಿಸಿ ಹೊಸದು ಮಾಡಿಕೊಳ್ಳಿ.

ಕೊನೆಗೆ ಎರಡು ಪರೀಕ್ಷೆ. ಮಾಲ್‌ವೇರ್‌ಬೈಟ್ಸ್ ಕಂಪನಿಯ ಆಡ್‌ಕ್ಲೀನರ್ (AdwCleaner) ಉಚಿತ, ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಪಾಲಿಸಿ ಬೀಗದಂಥ ಬ್ರೌಸರ್ ಕಸಕ್ಕೆ ನಾನು ಬಳಸುವುದು ಅದನ್ನೇ. ಸರ್ಚ್‌ನಲ್ಲಿ ಮೇಲೆ ಬರುವ ಜಾಹೀರಾತಿನಿಂದ ಇಳಿಸಬೇಡಿ, ಕಂಪನಿಯ ತಾಣದಿಂದಲೇ ಇಳಿಸಿ. ಇಲ್ಲದಿದ್ದರೆ ಮಾರ್ಚ್ 11 ಮತ್ತೆ ಮರಳುತ್ತದೆ. ಇನ್ನೊಂದು, ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್. ವಿಂಡೋಸ್ ಏಳುವ ಮೊದಲೇ ಹುಡುಕುವುದರಿಂದ ಅಡಗಿದವಕ್ಕೆ ಅಡಗಲು ಜಾಗ ಇರುವುದಿಲ್ಲ. ಸುಮಾರು ಕಾಲು ಗಂಟೆ ಸಾಕು ಎನ್ನುತ್ತಾರೆ. ನಿಮ್ಮ ಡಿಸ್ಕ್‌ಗೆ ಹೆಚ್ಚು ಹಿಡಿಯಬಹುದು, ಊಟದ ಹೊತ್ತಿಗೆ ಹಚ್ಚಿಡಿ.

ಇಷ್ಟಕ್ಕೂ ಬಗ್ಗದಿದ್ದರೆ ಫಾರ್ಮ್ಯಾಟ್ ತಪ್ಪೇನಲ್ಲ. ಕ್ರ್ಯಾಕ್ ಇರುವ ಯಂತ್ರ, ಅಥವಾ ಸ್ಕ್ಯಾನ್‌ನಲ್ಲಿ ಟ್ರೋಜನ್ (ಒಳ್ಳೆಯ ಪ್ರೋಗ್ರಾಂ ವೇಷದ ಕೇಡಿ), ಸ್ಟೀಲರ್ (ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ) ಎಂಬ ಹೆಸರು ಬಂದ ಯಂತ್ರವಾದರೆ ನಾನೇ ಅದನ್ನು ಹೇಳುತ್ತೇನೆ, ಸ್ವಚ್ಛ ಮಾಡಿದೆ ಎಂಬ ಭರವಸೆ ಅಲ್ಲಿ ಯಾರೂ ಕೊಡಲಾರರು. ಮೊದಲು ವಿಂಡೋಸ್‌ನ ‘ರೀಸೆಟ್ ದಿಸ್ ಪಿಸಿ’ ಇದೆ. ‘ಕೀಪ್ ಮೈ ಫೈಲ್ಸ್’ ಆರಿಸಿದರೆ ಬರಹ ಉಳಿದು ಹಾಕಿದ ಪ್ರೋಗ್ರಾಂಗಳೆಲ್ಲ ಹೋಗುತ್ತವೆ. ನುಡಿ, ಆಫೀಸ್, ಪ್ರಿಂಟರ್ ಎಲ್ಲ ಮತ್ತೆ ಹಾಕಬೇಕು. ಉಳಿಯುತ್ತದೆ ಎಂದು ಬರೆದಿದ್ದರೂ ಪೆನ್‌ಡ್ರೈವ್‌ನ ಪ್ರತಿ ಇಲ್ಲದೆ ಅದನ್ನು ಒತ್ತಬೇಡಿ, ನಡುವೆ ಕರೆಂಟ್ ಹೋದರೆ ಯಾರೂ ಹೊಣೆಯಲ್ಲ. ಅಂಗಡಿಗೇ ಕೊಡುವುದಾದರೆ ಕೇಳಬೇಕಾದದ್ದು: ಡಿ ಡ್ರೈವ್ ಮುಟ್ಟುತ್ತೀರಾ, ಡೆಸ್ಕ್‌ಟಾಪ್ ಮೇಲಿನದ್ದು ಎಲ್ಲಿ ಇಡುತ್ತೀರಿ, ಹಾಕುವ ವಿಂಡೋಸ್ ಯಾವುದು? ಡೆಸ್ಕ್‌ಟಾಪ್ ಮೇಲಿನದ್ದೆಲ್ಲ ಸಿ ಡ್ರೈವ್‌ನಲ್ಲೇ ಇರುತ್ತದೆ ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ನಿಮ್ಮ ಯಂತ್ರದ ಜೊತೆ ಅಸಲಿ ವಿಂಡೋಸ್ ಬಂದಿದ್ದರೆ ಅದೇ ಆವೃತ್ತಿ ಹಾಕಿ ಇಂಟರ್‌ನೆಟ್ ಕೊಟ್ಟಾಗ ತಾನೇ ಆ್ಯಕ್ಟಿವೇಟ್ ಆಗುತ್ತದೆ, ಕ್ರ್ಯಾಕ್ ಹಾಕಿಸಿಕೊಳ್ಳುವ ಗರಜೇ ಇಲ್ಲ.

ಬ್ಯಾಂಕಿನ ವಿಷಯ. ಜಾಹೀರಾತು ತೋರಿಸುವ ಈ ಜಾತಿ ಸಾಮಾನ್ಯವಾಗಿ ಖಾತೆಗೆ ಕೈಹಾಕುವುದಿಲ್ಲ. ಕ್ರ್ಯಾಕ್ ಜೊತೆ ಬರುವ ಸ್ಟೀಲರ್‌ಗಳು ಹಾಕುತ್ತವೆ, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳೇ ಅವುಗಳ ಮೇವು. ಯಾವುದಿದೆ ಎಂದು ಫೋಟೊ ನೋಡಿ ಹೇಳಲಾಗದು. ಆದ್ದರಿಂದ ಕಂಪ್ಯೂಟರ್ ಸರಿಯಾಗುವವರೆಗೆ ಅದರಲ್ಲಿ ಬ್ಯಾಂಕ್ ತೆರೆಯಬೇಡಿ. ಫೋನ್‌ನಿಂದ ಮೊದಲು ಇಮೇಲ್, ಆಮೇಲೆ ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ಚೀಟಿಯಲ್ಲಿನ ನಂಬರ್‌ಗೆ ಫೋನ್ ಮಾಡಿ ಯಾರಿಗಾದರೂ ದೂರದಿಂದಲೇ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್ ಥರದ ಆ್ಯಪ್ ಮೂಲಕ ಪರದೆ ಕೊಟ್ಟಿದ್ದೀರಾ? ಪತ್ರದಲ್ಲಿ ಬರೆದಿಲ್ಲ. ಕೊಟ್ಟಿದ್ದರೆ ನಾಚಿಕೆ ಬೇಡ, ಇಂಟರ್‌ನೆಟ್ ಕೇಬಲ್ ಕಿತ್ತು ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಾಲ್ಕನೇ ರೋಗ, ನಿಧಾನ. ಕಸ ಪೂರ್ತಿ ಹೋದರೂ ನಿಮ್ಮ ಕಂಪ್ಯೂಟರ್ ಕುದುರೆಯಾಗುವುದಿಲ್ಲ, ಇದನ್ನು ಈಗಲೇ ಹೇಳಿಬಿಡುತ್ತೇನೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಎಂಬ ಕಾಲಂ ನೂರು ಪ್ರತಿಶತ ತೋರಿಸುತ್ತಾ ನಿಂತಿದ್ದರೆ ಅಡ್ಡಿ ಇರುವುದು ತಿರುಗುವ ಹಳೇ ಹಾರ್ಡ್ ಡಿಸ್ಕ್‌ನಲ್ಲಿ. ಅದರ ಬದಲು ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಹಾಕಿ ರ್‍ಯಾಮ್ 8 ಜಿಬಿ ಮಾಡಿಸಿದರೆ ಸ್ನಾನವಿರಲಿ, ಕಾಫಿ ಕುಡಿಯುವಷ್ಟರಲ್ಲಿ ತೆರೆಯುತ್ತದೆ. ಕ್ಯಾಬಿನೆಟ್ ಬಿಚ್ಚಿ ಒಮ್ಮೆ ಬ್ಲೋವರ್ ಹೊಡೆಸಿ. ದುರ್ಗದ ಗಾಳಿ ವಿದ್ಯುತ್ತಿಗೆ ಒಳ್ಳೆಯದು, ಆದರೆ ಅದು ಹೊತ್ತು ತರುವ ದೂಳು ಫ್ಯಾನಿನ ರೆಕ್ಕೆಗೆ ಕಂಬಳಿ ಹೊದಿಸುತ್ತದೆ. ಪ್ರೊಸೆಸರ್ ಬಿಸಿಯಾದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಅದಕ್ಕೆ ಯಾವ ವೈರಸ್ಸೂ ಬೇಕಾಗಿಲ್ಲ.

ಖರ್ಚು ಮಾಡುವ ಮೊದಲು ಒಂದು ಲೆಕ್ಕ. ವಿಂಡೋಸ್ 10ಕ್ಕೆ ಮಾಮೂಲಿ ಸುರಕ್ಷಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಹೆಸರು ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಇನ್ನೊಂದು ವರ್ಷದ ಹೆಚ್ಚುವರಿ ಯೋಜನೆ ಕೊಟ್ಟರು. ವಿಂಡೋಸ್ 11 ಇಂಟೆಲ್‌ನ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಕೇಳುತ್ತದೆ, ನಿಮ್ಮದು ಏಳನೆಯದು. ಒಂದೇ ಮೆಟ್ಟಿಲಲ್ಲಿ ತಪ್ಪಿತು. ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಹಾಕಿ ಎಂದು ಯಾರಾದರೂ ಹೇಳಿಯಾರು, ಒಳ್ಳೆಯದೇ, ಆದರೆ ಹಳೇ ನುಡಿ ಅದರಲ್ಲಿ ನೇರವಾಗಿ ಓಡುವುದಿಲ್ಲ. ನಾನು ನಿಮ್ಮ ಜಾಗದಲ್ಲಿದ್ದರೆ ಎಸ್‌ಎಸ್‌ಡಿ ಹಾಕಿಸಿ ಈ ಯಂತ್ರವನ್ನು ಬರವಣಿಗೆಗೆ ಮಾತ್ರ ಇಟ್ಟುಕೊಂಡು, ಬ್ಯಾಂಕ್ ಕೆಲಸ ಫೋನ್‌ಗೆ ಬಿಡುತ್ತಿದ್ದೆ. ಹಳೇ ಟಿಪ್ಪಣಿಗಳನ್ನು ನಿಧಾನವಾಗಿ ಯುನಿಕೋಡ್‌ಗೆ ಪರಿವರ್ತಿಸುತ್ತಿದ್ದೆ, ಒಂದೊಂದು ಕಡತವನ್ನೂ ಓದಿ ನೋಡುತ್ತಾ, ಏಕೆಂದರೆ ಪರಿವರ್ತಕಗಳು ಒತ್ತಕ್ಷರದಲ್ಲಿ ಎಡವುತ್ತವೆ, ಶಾಸನದ ಪಾಠದಲ್ಲಿ ಅದು ಆಗಬಾರದು.

ಇದಕ್ಕಾಗಿ ಸಿಪಿಯು ತೊಡೆಯ ಮೇಲಿಟ್ಟುಕೊಂಡು ದಾವಣಗೆರೆ ಬಸ್ ಹತ್ತಬೇಕಾಗಿಲ್ಲ, ಮನೆಯಲ್ಲೇ ಒಂದು ಮಧ್ಯಾಹ್ನದ ಕೆಲಸ. ಟಾಸ್ಕ್ ಶೆಡ್ಯೂಲರ್ ಪಟ್ಟಿಯಲ್ಲಿ ಅನುಮಾನ ಬಂದರೆ ಅದರದ್ದೂ ಫೋಟೊ ಕಳಿಸಿ, ಯಾವುದನ್ನು ಬಿಡಬೇಕು ಹೇಳುತ್ತೇನೆ. ಏಪ್ರಿಲ್ 19ರ ಗೇಮ್ ಮಾತ್ರ ಅಳಿಸಬೇಡಿ. ವಿಂಡೋಸ್‌ನ ಸ್ಟೋರ್‌ನಿಂದಲೇ ಇಳಿಸಿದ್ದಾನೆ ಹುಡುಗ. ದಸರಾ ರಜೆಗೆ ಬಂದಾಗ ಬೇಕಾಗುತ್ತದೆ.